ಮೋಟರ್‌ಹೋಮ್ ಓಡಿಸುವವರಿಗೆ ಯಾವ ಜಿಪಿಎಸ್?



ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಕೂಟದ ಕಾರ್ಯಕ್ರಮಗಳಲ್ಲಿ, ಊಟದ ಸಾಲಿನಲ್ಲಿ ನಿಂತಾಗ ಕಿವಿಗೆ ಬೀಳುವ ಮಾತು ಹೆಚ್ಚುಕಮ್ಮಿ ಒಂದೇ: "ಈ ಸಲ ಸೌತ್ ಐಲ್ಯಾಂಡಿಗೆ ಹೋಗ್ತಾ ಇದ್ದೀವಿ ಕಣ್ರೀ, ಆರು ಜನ ಮಲಗೋ ಮೋಟರ್‌ಹೋಮ್ ಬುಕ್ ಮಾಡಿದ್ದೀವಿ." ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ಸ್ಕೂಲಿಗೆ ರಜೆ. ಹೋಟೆಲಿನಲ್ಲಿ ಎರಡು ರೂಮು ಹಿಡಿಯುವ ಬದಲು ಅಡುಗೆಮನೆಯನ್ನೇ ಜೊತೆಗೆ ಒಯ್ದರೆ ಬೆಳಿಗ್ಗೆ ಬಿಸಿ ಉಪ್ಪಿಟ್ಟು, ರಾತ್ರಿ ಅನ್ನ ಸಾರು. ಒಳ್ಳೆಯ ಯೋಚನೆಯೇ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಅಂದ ಹಾಗೆ ಯಾವ ಜಿಪಿಎಸ್ ತಗೊಳ್ಳೋದು? ನೀವು ಸಾಫ್ಟ್‌ವೇರ್‌ನವರಲ್ವಾ, ನಿಮಗೆ ಗೊತ್ತಿರುತ್ತೆ." ಸಾಫ್ಟ್‌ವೇರ್‌ನವನಿಗೆ ಪ್ರಿಂಟರಿನಿಂದ ಹಿಡಿದು ಮೈಕ್ರೋವೇವ್ ತನಕ ಎಲ್ಲವೂ ಗೊತ್ತಿರಬೇಕು ಅನ್ನುವುದು ನಮ್ಮವರ ಗಟ್ಟಿ ನಂಬಿಕೆ. ಇರಲಿ. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆದುಬಿಡೋಣ ಎಂದು ಈ ಲೇಖನ.

ಮೊದಲು ಗಾಡಿಯ ಗಾತ್ರ ಮನಸ್ಸಿಗೆ ಬರಲಿ. ಆರು ಜನರ ಮೋಟರ್‌ಹೋಮ್ ಅಂದರೆ ಸುಮಾರು 7 ಮೀಟರ್ ಉದ್ದ, 3.2ರಿಂದ 3.4 ಮೀಟರ್ ಎತ್ತರ, ಕನ್ನಡಿಗಳನ್ನು ಬಿಟ್ಟು 2.2 ಮೀಟರಿಗೂ ಹೆಚ್ಚು ಅಗಲ. ನಮ್ಮೂರ ಮಿನಿಬಸ್ಸು ಅನ್ನಿ. ಇಷ್ಟು ದೊಡ್ಡದನ್ನು ನಿನ್ನೆಯವರೆಗೆ ಕೊರೊಲ್ಲಾ ಓಡಿಸುತ್ತಿದ್ದವರು ಓಡಿಸಬಹುದೇ? ಇಲ್ಲಿನ ಕಾನೂನಿನ ಪ್ರಕಾರ ಓಡಿಸಬಹುದು. ಕಾರಿನ ಕ್ಲಾಸ್ 1 ಲೈಸೆನ್ಸಿನಲ್ಲಿ ಒಟ್ಟು 6000 ಕೆ.ಜಿ. ತೂಕದ ತನಕ ಅವಕಾಶವಿದೆ. ಆದರೆ ಗಾಡಿಯ ಒಟ್ಟು ತೂಕದ ಮಿತಿ 3500 ಕೆ.ಜಿ. ದಾಟಿದರೆ ನೀವು ಭಾರಿ ವಾಹನದ ಲೆಕ್ಕಕ್ಕೆ ಸೇರುತ್ತೀರಿ. ಎಲ್ಲರೂ 100ರಲ್ಲಿ ಹೋಗುವ ರಸ್ತೆಯಲ್ಲಿ ನಿಮ್ಮ ಮಿತಿ 90, ಓರೆವಾ ಆಚೆಯ ನಾರ್ದರ್ನ್ ಗೇಟ್‌ವೇಯಂಥ ಟೋಲ್ ರಸ್ತೆಯಲ್ಲಿ ದರವೂ ಹೆಚ್ಚು. ಈ 3500 ಎನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈಗ ಜಿಪಿಎಸ್ ದಾರಿ ಹುಡುಕುವುದು ಹೇಗೆ ಅಂತ ನೋಡೋಣ. ಇದು ತಿಳಿದರೆ ಯಾವುದನ್ನು ಕೊಳ್ಳಬೇಕು ಎಂಬ ಅರ್ಧ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ಆಕಾಶದ ಉಪಗ್ರಹಗಳು ಹೇಳುವುದು ನೀವು ಎಲ್ಲಿದ್ದೀರಿ ಎಂಬುದನ್ನು ಮಾತ್ರ. ಎಡಕ್ಕೋ ಬಲಕ್ಕೋ ಅನ್ನುವುದು ಉಪಗ್ರಹಕ್ಕೆ ಗೊತ್ತಿಲ್ಲ. ಅದು ಪೆಟ್ಟಿಗೆಯೊಳಗಿನ ನಕ್ಷೆಯ ಕೆಲಸ. ನಕ್ಷೆಯಲ್ಲಿ ಪ್ರತಿ ಜಂಕ್ಷನ್ ಒಂದು ಚುಕ್ಕೆ, ಎರಡು ಚುಕ್ಕೆಗಳ ನಡುವಿನ ರಸ್ತೆ ಒಂದು ಗೆರೆ. ಪ್ರತಿ ಗೆರೆಗೂ ಇಷ್ಟು ನಿಮಿಷ ಹಿಡಿಯುತ್ತದೆ ಎಂಬ ಬೆಲೆ ಕಟ್ಟಿರುತ್ತಾರೆ. ಒಟ್ಟು ಬೆಲೆ ಎಲ್ಲಿ ಕಡಿಮೆಯೋ ಅದೇ ನಿಮ್ಮ ದಾರಿ. ಇಂಜಿನಿಯರಿಂಗ್ ಓದಿದವರಿಗೆ ಡೈಕ್‌ಸ್ಟ್ರಾ ಹೆಸರು ನೆನಪಿರಬೇಕು (ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ!). ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ಮಹಾಶಯ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಮದುವೆಯಾಗಲಿದ್ದ ಹುಡುಗಿಯೊಂದಿಗೆ ಅಂಗಡಿ ಸುತ್ತಿ ಸುಸ್ತಾಗಿ ಕಾಫಿ ಕುಡಿಯುತ್ತಾ ಕೂತಿದ್ದಾಗ, ಇಪ್ಪತ್ತೇ ನಿಮಿಷದಲ್ಲಿ ಈ ಲೆಕ್ಕವನ್ನು ಹೊಳೆಯಿಸಿಕೊಂಡರಂತೆ. ಅದು ಅಚ್ಚಾದದ್ದು 1959ರಲ್ಲಿ. ಇಂದಿನ ಜಿಪಿಎಸ್‌ಗಳ ಬೇರು ಇರುವುದು ಅಲ್ಲೇ.

ಕ್ಯಾಂಪರ್‌ಗೆಂದೇ ಮಾಡಿದ ಜಿಪಿಎಸ್ ಇದಕ್ಕೆ ಒಂದು ಹೆಜ್ಜೆ ಸೇರಿಸುತ್ತದೆ. ಗಾಡಿಯ ಎತ್ತರ, ಅಗಲ, ಉದ್ದ, ತೂಕ ಕೊಟ್ಟರೆ, ಅವು ಹಿಡಿಸದ ಗೆರೆಗಳನ್ನು ಲೆಕ್ಕಕ್ಕೆ ಮೊದಲೇ ಅಳಿಸುತ್ತದೆ. 3 ಮೀಟರಿನ ಸೇತುವೆ ಇದ್ದರೆ 3.3 ಮೀಟರಿನ ಗಾಡಿಗೆ ಆ ದಾರಿಯೇ ಕಾಣುವುದಿಲ್ಲ. ಕೇಳಲು ಬಹಳ ಚೆನ್ನಾಗಿದೆ. ಆದರೆ ಆ ಸೇತುವೆ 3 ಮೀಟರ್ ಎಂದು ನಕ್ಷೆಯಲ್ಲಿ ಯಾರಾದರೂ ಬರೆದಿದ್ದರೆ ತಾನೇ? ಬರೆಯದೆ ಖಾಲಿ ಬಿಟ್ಟಿದ್ದರೆ ಯಂತ್ರ ಏನು ಮಾಡುತ್ತದೆ? ಖಾಲಿ ಎಂದರೆ "ಅಡ್ಡಿ ಇಲ್ಲ" ಎಂದೇ ಓದಿಕೊಳ್ಳುತ್ತದೆ. ಮನುಷ್ಯನಾದರೆ "ಗೊತ್ತಿಲ್ಲ, ಯಾರನ್ನಾದರೂ ಕೇಳೋಣ" ಅನ್ನುತ್ತಾನೆ. ಯಂತ್ರಕ್ಕೆ ಆ ಸಂಕೋಚ ಇಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲೆ ಕ್ಯಾಂಪರ್ ಎಂದು ಅಚ್ಚಾದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಒಳಗಿನ ನಕ್ಷೆಯಲ್ಲಿ ಈ ದೇಶದ ಬಗ್ಗೆ ಎಷ್ಟು ತುಂಬಿದ್ದಾರೆ ಅನ್ನುವುದೇ ಮುಖ್ಯ.

ಇಲ್ಲೊಂದು ವಿಚಿತ್ರವಿದೆ. ಇಂಥ ಜಿಪಿಎಸ್‌ಗಳ ಜಾಹೀರಾತಿನಲ್ಲೆಲ್ಲಾ ಇಂಗ್ಲೆಂಡಿನ ಹಳೆಯ ಕಲ್ಲಿನ ಕಮಾನು ಸೇತುವೆಯ ಕೆಳಗೆ ಸಿಕ್ಕಿಬಿದ್ದ ಲಾರಿಯಂಥ ಭಯವೇ ಮುಂದಿರುತ್ತದೆ. ನ್ಯೂಜಿಲೆಂಡಿನಲ್ಲಿ ವಿಶೇಷ ಪರ್ಮಿಟ್ ಇಲ್ಲದ ಲಾರಿಗಳೇ 4.3 ಮೀಟರ್ ಎತ್ತರದ ತನಕ ಇರಬಹುದು. ಅಂಥ ಲಾರಿಗಳು ದಿನವೂ ಓಡಾಡುವ ಸ್ಟೇಟ್ ಹೈವೇಗಳಲ್ಲಿ ನಿಮ್ಮ 3.3 ಮೀಟರಿನ ಗಾಡಿಯ ತಲೆಗೆ ತಾಗುವಂಥದ್ದು ಅಪರೂಪ. ಮಿಲ್‌ಫರ್ಡ್ ದಾರಿಯ ಹೋಮರ್ ಸುರಂಗವನ್ನು ಕಂಡು ಹೆದರುವವರಿದ್ದಾರೆ. ಅದರೊಳಗೆ ಟೂರಿಸ್ಟ್ ಬಸ್ಸುಗಳೇ ಹೋಗಿಬರುತ್ತವೆ. ಎತ್ತರದ ತೊಂದರೆ ಬರುವುದು ಬೇರೆ ಕಡೆ: ಶಾಪಿಂಗ್ ಮಾಲಿನ ಪಾರ್ಕಿಂಗ್, ಡ್ರೈವ್‌ಥ್ರೂ ತಿಂಡಿ ಅಂಗಡಿ, ಹಳೆ ಪೆಟ್ರೋಲ್ ಬಂಕಿನ ಚಾವಣಿ, ಪೇಟೆಯೊಳಗಿನ ಕೆಲವು ರೈಲು ಸೇತುವೆ, ಕ್ಯಾಂಪ್‌ಗ್ರೌಂಡಿನಲ್ಲಿ ಬಾಗಿದ ಮರದ ಕೊಂಬೆ. ಇವುಗಳಲ್ಲಿ ಬಹಳಷ್ಟು ಯಾವ ನಕ್ಷೆಯಲ್ಲೂ ಇಲ್ಲ. ಬಾಡಿಗೆ ಕರಾರಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ತಲೆಯ ಮೇಲಿನ ಮತ್ತು ತಳದ ಹಾನಿ ಇನ್ಶೂರೆನ್ಸಿಗೆ ಸೇರುವುದಿಲ್ಲ ಎಂದು ಅನೇಕ ಕರಾರುಗಳಲ್ಲಿ ಇರುತ್ತದೆ.

ಹಾಗಾದರೆ ಇಲ್ಲಿನ ನಿಜವಾದ ತೊಂದರೆ ಯಾವುದು? ಕಿರಿದಾದ, ಕಡಿದಾದ, ತಿರುವುಮುರುವಿನ, ಜಲ್ಲಿಕಲ್ಲಿನ ಅಡ್ಡದಾರಿಗಳು. ಇವುಗಳ ಮೇಲೆ "ಮೋಟರ್‌ಹೋಮಿಗೆ ನಿಷಿದ್ಧ" ಎಂಬ ಕಾನೂನಿನ ಬೋರ್ಡು ಇಲ್ಲದಿರಬಹುದು, ಆದ್ದರಿಂದ ನಕ್ಷೆಯಲ್ಲಿ ಅಳಿಸುವುದಕ್ಕೆ ಯಂತ್ರಕ್ಕೆ ಕಾರಣವೇ ಸಿಗುವುದಿಲ್ಲ. ಕ್ವೀನ್ಸ್‌ಟೌನಿನಿಂದ ವಾನಾಕಾಗೆ ದಾರಿ ಕೇಳಿ. ಫೋನು ಥಟ್ಟನೆ ತೋರಿಸುವುದು ಕ್ರೌನ್ ರೇಂಜ್ ಮೇಲಿನ ದಾರಿ. ಸುಮಾರು 70 ಕಿ.ಮೀ., ಡಾಂಬರು ರಸ್ತೆಯೇ. ಆದರೆ 1000 ಮೀಟರಿಗೂ ಎತ್ತರಕ್ಕೆ ಹತ್ತಿ ಇಳಿಯಬೇಕು, ಆರೋ ಜಂಕ್ಷನ್ ಕಡೆಯಲ್ಲಿ ಒಂದರ ಮೇಲೊಂದು ಹೇರ್‌ಪಿನ್ ತಿರುವು. ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ಬಿಡದೆ ಮಿನಿಬಸ್ಸಿನಲ್ಲೇ ಹೋಗಿದ್ದು ನೆನಪಿದೆಯಲ್ಲ, ಆ ಮಾತು ಇಲ್ಲಿ ನೆನಪಾಗಲಿ. ಕವರಾವ್ ಕಣಿವೆಯಲ್ಲಿ ಕ್ರಾಮ್‌ವೆಲ್ ಮೇಲೆ ಸುತ್ತಿಕೊಂಡು ಹೋದರೆ 40-50 ಕಿ.ಮೀ. ಹೆಚ್ಚಾಗುತ್ತದೆ, ಆದರೆ ಹಿಂದೆ ಕೂತ ಅತ್ತೆಯವರ ಹೊಟ್ಟೆ ತೊಳಸುವುದಿಲ್ಲ, ಶೆಲ್ಫಿನಲ್ಲಿರುವ ಸಾರಿನ ಪುಡಿ ಡಬ್ಬ ನೆಲಕ್ಕೆ ಬೀಳುವುದಿಲ್ಲ. ಕ್ರೌನ್ ರೇಂಜಿನಲ್ಲಿ ಮೋಟರ್‌ಹೋಮ್ ಓಡಿಸುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ರಜೆಯ ಎರಡನೇ ದಿನ, ಗಾಡಿಯ ಉದ್ದ ಇನ್ನೂ ಕೈಗೆ ಬರದಿರುವಾಗ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ನಾರ್ತ್ ಐಲ್ಯಾಂಡಿನಲ್ಲಿ ಇದೇ ಕಥೆ ಕೊರೊಮ್ಯಾಂಡೆಲ್ ಕಡೆ. ಕೊರೊಮ್ಯಾಂಡೆಲ್ ಊರಿಂದ ಫಿಟಿಯಾಂಗಾಗೆ ಸ್ಟೇಟ್ ಹೈವೇ 25 ಇದೆ. ಅದಕ್ಕಿಂತ ಹತ್ತಿರದ್ದು 309 ರೋಡ್. ಕೌರಿ ಮರಗಳು, ಜಲಪಾತ ಎಲ್ಲ ಇರುವ ಚಂದದ ದಾರಿ, ಆದರೆ ಒಂದಷ್ಟು ಭಾಗ ಕಿರಿದಾದ ಜಲ್ಲಿ ರಸ್ತೆ. ರೊಟೊರುವಾದಿಂದ ವೈಕರೆಮೊವಾನಾ ಸರೋವರದ ಮೇಲೆ ವೈರೊವಾಗೆ ಹೋಗುವ ದಾರಿಯಲ್ಲೂ ಬಹಳಷ್ಟು ದೂರ ಜಲ್ಲಿ ಮತ್ತು ತಿರುವು. ಸೌತ್ ಐಲ್ಯಾಂಡಿನ ಡ್ಯಾನ್ಸೀಸ್ ಪಾಸ್ ಸಹ ಹಾಗೆಯೇ. ಇನ್ನು ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆ, ಮೌಂಟ್ ಕುಕ್ ಬಳಿಯ ಬಾಲ್ ಹಟ್ ರಸ್ತೆ, ಉತ್ತರದ ನೈಂಟಿ ಮೈಲ್ ಬೀಚ್, ಕೊರೊಮ್ಯಾಂಡೆಲಿನಲ್ಲಿ ಕೋಲ್‌ವಿಲ್‌ನಿಂದ ಆಚೆ: ಇವುಗಳಿಗೆ ಬಾಡಿಗೆ ಗಾಡಿ ಒಯ್ಯಲೇಬಾರದೆಂದು ಸಾಮಾನ್ಯವಾಗಿ ಕರಾರಿನಲ್ಲೇ ಬರೆದಿರುತ್ತಾರೆ. ನಿಮ್ಮ ಕರಾರು ಹಾಗೆನ್ನುತ್ತದೆ ಎಂಬುದು ಜಿಪಿಎಸ್‌ಗೆ ತಿಳಿಯದು. ಹೊರಡುವ ಮುನ್ನ ಆ ಪಟ್ಟಿಯ ಫೋಟೋ ತೆಗೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ.

ಈಗ ಸಾಧನಗಳ ವಿಷಯಕ್ಕೆ ಬರೋಣ.

ಗೂಗಲ್ ಮ್ಯಾಪ್ಸ್ ಎಲ್ಲರ ಜೇಬಿನಲ್ಲೂ ಇದೆ, ಪುಕ್ಕಟೆ, ಟ್ರಾಫಿಕ್ ಚೆನ್ನಾಗಿ ಹೇಳುತ್ತದೆ. ಆದರೆ ಗಾಡಿಯ ಎತ್ತರ ತೂಕ ಹೇಳುವ ಜಾಗವೇ ಅದರಲ್ಲಿಲ್ಲ. ಬೇಡವೆನ್ನಬಹುದಾದದ್ದು ಹೈವೇ, ಟೋಲ್, ಫೆರಿ ಇಷ್ಟೇ. ನಮಗೆ ಬೇಕಾದದ್ದು ತದ್ವಿರುದ್ಧ: ಹೈವೇಯಲ್ಲೇ ಇರು ಮಾರಾಯ, ಜಲ್ಲಿ ರಸ್ತೆಗೆ ಕರೆದೊಯ್ಯಬೇಡ ಅನ್ನಬೇಕು. ವೇಜ್‌ನಲ್ಲಿ ಮಣ್ಣಿನ ರಸ್ತೆ ಬೇಡವೆನ್ನುವ ಆಯ್ಕೆ ಇದೆ, ಗಾಡಿಯ ಅಳತೆ ಕೇಳುವುದಿಲ್ಲ. ಅಳತೆ ಕೇಳುವ ಆ್ಯಪ್‌ಗಳು ಬೇರೆ ಇವೆ. ಸಿಜಿಕ್‌ನ ಲಾರಿ ಮತ್ತು ಕ್ಯಾಂಪರ್ ಆವೃತ್ತಿ, ಕೋಪೈಲಟ್, ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುವ ಓಸ್ಮ್‌ಆಂಡ್. ಕೊನೆಯದು ಜಲ್ಲಿ ರಸ್ತೆಯನ್ನೂ ಬಿಡಿಸುತ್ತದೆ, ಸಿಗ್ನಲ್ ಇಲ್ಲದೆಯೂ ನಡೆಯುತ್ತದೆ. ಆದರೆ ಅದರ ಸೆಟ್ಟಿಂಗ್‌ಗಳಲ್ಲಿ ಒಂದು ಸಂಜೆ ಕಳೆಯುವ ತಾಳ್ಮೆ ಬೇಕು. ನನ್ನಂಥವರಿಗೆ ಅದು ಮನರಂಜನೆ, ಮನೆಯವಳಿಗೆ ಅಲ್ಲ.

ಬೇರೆ ಪೆಟ್ಟಿಗೆಯನ್ನೇ ಕೊಳ್ಳುವುದಾದರೆ ಗಾರ್ಮಿನ್ ಮತ್ತು ಟಾಮ್‌ಟಾಮ್ ಎರಡಕ್ಕೂ ಕ್ಯಾಂಪರ್ ಮಾದರಿಗಳಿವೆ. ಪರದೆಯೂ ದೊಡ್ಡದು. ಮೋಟರ್‌ಹೋಮಿನಲ್ಲಿ ಗಾಜು ಸೀಟಿನಿಂದ ದೂರ, ಆದ್ದರಿಂದ ದೊಡ್ಡ ಪರದೆ ಶೋಕಿಯಲ್ಲ. ಕಡಿದಾದ ಇಳಿಜಾರು, ಚೂಪಾದ ತಿರುವು ಮುಂದಿದೆ ಎಂದು ಮೊದಲೇ ಎಚ್ಚರಿಸುವುದು ಇವುಗಳ ನಿಜವಾದ ಉಪಯೋಗ. ಎತ್ತರದ ಲೆಕ್ಕಕ್ಕಿಂತ ಇಲ್ಲಿ ಅದಕ್ಕೇ ಹೆಚ್ಚು ಬೆಲೆ ಕೊಡಬೇಕು ಅನ್ನುತ್ತೇನೆ. ಇಂಟರ್ನೆಟ್ಟಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಯುರೋಪಿನ ಮಾದರಿ ತರಿಸುವವರು, ಅದರಲ್ಲಿ ನ್ಯೂಜಿಲೆಂಡ್ ನಕ್ಷೆ ಇದೆಯೇ, ಇಲ್ಲವಾದರೆ ಅದಕ್ಕೆ ಬೇರೆ ದುಡ್ಡೆಷ್ಟು ಎಂದು ನೋಡಿ. ಫ್ರಾನ್ಸಿನ ಅಷ್ಟೂ ಓಣಿ ಗೊತ್ತಿದ್ದು ಹಾಮಿಲ್ಟನ್ ಗೊತ್ತಿಲ್ಲದ ಯಂತ್ರ ಇಟ್ಟುಕೊಂಡು ಏನು ಮಾಡೋಣ?

ಮಧ್ಯೆ ಒಂದು ಮಾತು. ನಮ್ಮಲ್ಲಿ ಹಲವರ ಮೊದಲ ಜಿಪಿಎಸ್ ನಾವ್‌ಮ್ಯಾನ್ ಆಗಿತ್ತಲ್ಲವೇ? ಅದು ಇಲ್ಲಿಯದೇ. 1986ರಲ್ಲಿ ಆಕ್ಲೆಂಡಿನಲ್ಲಿ ಪೀಟರ್ ಮೇರ್ ಎಂಬವರು ಶುರುಮಾಡಿದ, ಮೊದಮೊದಲು ದೋಣಿಗಳಿಗೆ ಉಪಕರಣ ಮಾಡುತ್ತಿದ್ದ ಕಂಪನಿ. 2003-04ರಲ್ಲಿ ಅಮೆರಿಕದ ಬ್ರನ್ಸ್‌ವಿಕ್ ಕೊಂಡಿತು, 2007ರಲ್ಲಿ ಕಾರಿನ ಜಿಪಿಎಸ್ ವ್ಯಾಪಾರ ತೈವಾನಿನ ಮೈಟ್ಯಾಕ್ ಪಾಲಾಯಿತು. ಡ್ರಾಯರಿನಲ್ಲಿ ಆ ಹಳೆಯ ಪೆಟ್ಟಿಗೆ ಇನ್ನೂ ಇದ್ದರೆ ಪ್ರೀತಿಯಿಂದ ಅಲ್ಲೇ ಇಡಿ, ಪ್ರವಾಸಕ್ಕೆ ಒಯ್ಯಬೇಡಿ. ಏಕೆಂದರೆ ಈ ದೇಶದಲ್ಲಿ ನಕ್ಷೆ ಬೇಗ ಹಳಸುತ್ತದೆ. ಮನವಾಟು ಕಣಿವೆಯ ರಸ್ತೆ ಗುಡ್ಡ ಕುಸಿದು 2017ರ ಏಪ್ರಿಲ್‌ನಲ್ಲಿ ಮುಚ್ಚಿತು, ಮತ್ತೆ ತೆರೆಯಲೇ ಇಲ್ಲ. ಅದರ ಬದಲಿಗೆ ಬೆಟ್ಟದ ಮೇಲೆ ಕಟ್ಟಿದ ಹೊಸ ಹೈವೇ ತೆರೆದದ್ದು 2025ರ ಜೂನ್‌ನಲ್ಲಿ. 2016ರ ನಕ್ಷೆ ನಿಮ್ಮನ್ನು ಇಲ್ಲದ ದಾರಿಗೆ ಕರೆದೊಯ್ಯುತ್ತದೆ, 2023ರ ನಕ್ಷೆಗೆ ಇರುವ ದಾರಿ ಗೊತ್ತಿಲ್ಲ. ವೆಲಿಂಗ್ಟನ್ ಉತ್ತರಕ್ಕೆ ಟ್ರಾನ್ಸ್‌ಮಿಷನ್ ಗಲ್ಲಿ 2022ರ ಮಾರ್ಚ್ ಕೊನೆಗೆ ತೆರೆಯಿತು, ಹಳೆಯ ಕರಾವಳಿ ರಸ್ತೆ ಈಗ ಸ್ಟೇಟ್ ಹೈವೇ 59. ಕೊರೊಮ್ಯಾಂಡೆಲಿನ 25ಎ ರಸ್ತೆ 2023ರ ಜನವರಿಯ ಮಳೆಗೆ ಕುಸಿದು, ಸೇತುವೆ ಕಟ್ಟಿ ತೆರೆಯುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಕೈಕೋರಾ ಭೂಕಂಪ ಆದ 2016ರ ನವೆಂಬರ್‌ನಿಂದ 2017ರ ಡಿಸೆಂಬರ್ ತನಕ ಸ್ಟೇಟ್ ಹೈವೇ 1 ಮುಚ್ಚಿದ್ದು, ಪಿಕ್ಟನ್‌ನಿಂದ ಕ್ರೈಸ್ಟ್‌ಚರ್ಚಿಗೆ ಎಲ್ಲರೂ ಲೂಯಿಸ್ ಪಾಸ್ ಸುತ್ತಿದ್ದು ಹಳಬರಿಗೆ ನೆನಪಿದೆ. ನಕ್ಷೆಯ ಅಪ್‌ಡೇಟ್ ಎಷ್ಟು ವರ್ಷ ಉಚಿತ ಎಂದು ಕೊಳ್ಳುವ ಮೊದಲು ಕೇಳಿ. ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಅಪ್‌ಡೇಟ್ ಮಾಡಿ, ಗಂಟೆಗಟ್ಟಲೆ ಹಿಡಿಯಬಹುದು. ಮತ್ತೆ ಪ್ರತಿದಿನ ಬೆಳಿಗ್ಗೆ ಎನ್‌ಜೆಡ್‌ಟಿಎಯ ಜರ್ನಿ ಪ್ಲಾನರ್ ನೋಡಿ. ಇವತ್ತು ಯಾವ ರಸ್ತೆ ಮುಚ್ಚಿದೆ, ಎಲ್ಲಿ ಗಾಳಿ ಜೋರು ಎಂದು ಅಲ್ಲಿ ತಿಳಿಯುತ್ತದೆ. ಗಾಳಿ ಬೀಸುವ ದಿನ ರೆಮುಟಾಕಾ ಬೆಟ್ಟದ ಮೇಲೆ ಗೋಡೆಯಂಥ ಮೈಯ ಗಾಡಿ ಒಯ್ಯುವುದು ಬೇಡ, ಮತ್ತು ಇದನ್ನು ಎತ್ತರ ತೂಕದ ಯಾವ ಲೆಕ್ಕವೂ ಹೇಳದು.

ಸಿಗ್ನಲ್ ವಿಷಯ ಎಲ್ಲರಿಗೂ ಗೊತ್ತಿದ್ದರೂ ಪ್ರವಾಸದ ದಿನ ಮರೆಯುವಂಥದ್ದು. ಟೆ ಆನೌ ದಾಟಿ ಮಿಲ್‌ಫರ್ಡ್ ಕಡೆಗೆ ಹೊರಟರೆ ಸುಮಾರು 120 ಕಿ.ಮೀ. ದಾರಿಯಲ್ಲಿ ಹೆಚ್ಚಿನ ಕಡೆ ಫೋನು ಬರೀ ಕ್ಯಾಮೆರಾ. ವೆಸ್ಟ್ ಕೋಸ್ಟಿನಲ್ಲೂ ಹಲವು ಕಡೆ ಹಾಗೆಯೇ. ಫೋನನ್ನೇ ನೆಚ್ಚಿಕೊಳ್ಳುವವರು ಇಡೀ ಸೌತ್ ಐಲ್ಯಾಂಡಿನ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಟೆ ಆನೌದಲ್ಲೇ ಡೀಸೆಲ್ ತುಂಬಿಸಿ. ಫೋನು ಕೈಯಲ್ಲಿ ಹಿಡಿದು ಓಡಿಸುವುದು 2009ರಿಂದ ಇಲ್ಲಿ ಅಪರಾಧ, ಆದ್ದರಿಂದ ಗಟ್ಟಿಯಾದ ಸ್ಟ್ಯಾಂಡ್ ಬೇಕೇ ಬೇಕು.

ಇನ್ನು ಆಯ್ಕೆ ಮಾಡುವುದು ಹೇಗೆ? ಪೆಟ್ಟಿಗೆಯ ಮೇಲಿನ ಹೊಗಳಿಕೆ ಓದಬೇಡಿ. ಅಂಗಡಿಯಲ್ಲೇ ಪರೀಕ್ಷೆ ಮಾಡಿ, ಆ್ಯಪ್ ಆದರೆ ಉಚಿತ ಅವಧಿಯಲ್ಲಿ ಮನೆಯಲ್ಲೇ ಕೂತು. ಗಾಡಿಯ ಅಳತೆ ಕೊಡಿ: 7.2 ಮೀಟರ್, 3.3 ಮೀಟರ್, 2.3 ಮೀಟರ್, 4500 ಕೆ.ಜಿ. ಜಲ್ಲಿ ರಸ್ತೆ ಬೇಡ ಎನ್ನಿ. ಆಮೇಲೆ ಮೇಲೆ ಹೇಳಿದ ಊರುಗಳನ್ನೇ ಕೇಳಿ. ಕೊರೊಮ್ಯಾಂಡೆಲ್‌ನಿಂದ ಫಿಟಿಯಾಂಗಾಗೆ ಕೇಳಿದರೆ 309ಕ್ಕೆ ಹೋಯಿತೇ? ಹೋದರೆ ಅದಕ್ಕೆ ಜಲ್ಲಿ ಗೊತ್ತಿಲ್ಲ. ಪಾಮರ್‌ಸ್ಟನ್ ನಾರ್ತ್‌ನಿಂದ ವುಡ್‌ವಿಲ್‌ಗೆ ಹೊಸ ಹೈವೇ ಹಿಡಿಯಿತೇ? ಇಲ್ಲವಾದರೆ ನಕ್ಷೆ ಹಳೆಯದು. ಕ್ವೀನ್ಸ್‌ಟೌನ್‌ನಿಂದ ವಾನಾಕಾಗೆ ಕ್ರೌನ್ ರೇಂಜ್ ತೋರಿಸಿದರೆ ಅದನ್ನು ಫೇಲ್ ಮಾಡಬೇಡಿ, ಬಹಳಷ್ಟು ಒಳ್ಳೆಯ ಸಾಧನಗಳೂ ತೋರಿಸಬಹುದು. ನಡುವೆ ಕ್ರಾಮ್‌ವೆಲ್ ಸೇರಿಸಿ ದಾರಿ ಬದಲಿಸುವುದು ಎಷ್ಟು ಸುಲಭ ಎಂದು ಮಾತ್ರ ನೋಡಿ. ನಡುವಿನ ಊರು ಸೇರಿಸುವುದಕ್ಕೆ ಐದು ಮೆನು ಒತ್ತಿಸುವ ಸಾಧನ ನನಗಂತೂ ಬೇಡ. ಕೊನೆಗೆ, ನೇರ ಹೈವೇಯಲ್ಲಿ ಅದು ಹೇಳುವ ಸಮಯ ನೋಡಿ. 3500 ಕೆ.ಜಿ. ಮೀರಿದ ಗಾಡಿ ಎಂದು ಹೇಳಿದ ಮೇಲೂ ಕಾರಿನಷ್ಟೇ ಸಮಯ ತೋರಿಸಿದರೆ, ಅದು ನಿಮ್ಮ 90ರ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಸಮಯದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅಪಾಯ ಬರುವುದು ಹೆಚ್ಚಾಗಿ ಈ ಬಾಗಿಲಿನಿಂದ. ಮೂರು ಗಂಟೆ ಎಂದು ಫೋನು ಹೇಳಿದರೆ ಮೋಟರ್‌ಹೋಮಿಗೆ ಮೂರೂವರೆ ಎಂದುಕೊಳ್ಳಿ, ಬೆಟ್ಟದ ದಾರಿಯಾದರೆ ನಾಲ್ಕು. ಒಂಟಿ ಲೇನಿನ ಸೇತುವೆಗಳಲ್ಲಿ ಕಾಯಬೇಕು, ಹಿಂದೆ ಸಾಲುಗಟ್ಟಿದ ಕಾರುಗಳಿಗೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ಮಕ್ಕಳಿಗೆ ನಿಲ್ಲಿಸಬೇಕು. ಕಾರಿನ ಸಮಯ ನಂಬಿ ಹೊರಟವರು ಕತ್ತಲಾದ ಮೇಲೆ, ಮಳೆಯಲ್ಲಿ, ಗೊತ್ತಿಲ್ಲದ ಘಾಟಿಯಲ್ಲಿ ಅವಸರ ಮಾಡುತ್ತಾರೆ. ಗಾಡಿಯಲ್ಲಿ ಮೂರು ತಲೆಮಾರು ಕೂತಿರುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕ್ಯಾಂಪಿನ ಜಾಗ, ಕೊಳೆನೀರು ಸುರಿಯುವ ಡಂಪ್ ಸ್ಟೇಷನ್ ಹುಡುಕುವುದಕ್ಕೆ ಜಿಪಿಎಸ್‌ಗಿಂತ ಇಲ್ಲಿಯದೇ ಆದ ಕ್ಯಾಂಪರ್‌ಮೇಟ್, ರ‍್ಯಾಂಕರ್ಸ್ ಆ್ಯಪ್‌ಗಳೇ ವಾಸಿ. ಅಲ್ಲಿ ಜಾಗ ನೋಡಿ, ವಿಳಾಸವನ್ನು ಜಿಪಿಎಸ್‌ಗೆ ಕೊಡಿ. ಊರ ಹೆಸರು ಬಾಯಲ್ಲಿ ಹೇಳುವ ಬದಲು ಟೈಪ್ ಮಾಡುವುದೇ ಮೇಲು. ತಮಾಷೆಯೆಂದರೆ ಮಾವೊರಿ ಹೆಸರುಗಳು ನಮ್ಮ ನಾಲಿಗೆಗೆ ಸಲೀಸು. ಪಾಪಕುರಾ, ಟಾಕಪುನಾ, ಒಟೊರೊಹಂಗಾ, ಎಲ್ಲವೂ ನಮ್ಮ ಮಾತಿನಂತೆ ಸ್ವರದಲ್ಲೇ ಮುಗಿಯುತ್ತವೆ. ಜಿಪಿಎಸ್ ಒಳಗಿನ ಹೆಂಗಸಿಗೆ ಮಾತ್ರ ಅವು ಕಬ್ಬಿಣದ ಕಡಲೆ. ಅಮ್ಮ ಬೋರ್ಡು ಓದಿ ಹೇಳಿದ್ದು ಸರಿಯಾಗಿರುತ್ತದೆ, ಆಕೆ ಹೇಳಿದ್ದು ಯಾವ ಊರೋ ಎಂದು ಹುಡುಕಬೇಕು.

ಒಟ್ಟಿನಲ್ಲಿ ನನ್ನ ಸಲಹೆ ಹೀಗೆ. ವರ್ಷಕ್ಕೊಮ್ಮೆ ಒಂದು ವಾರ ಬಾಡಿಗೆ ಗಾಡಿ ಹಿಡಿಯುವವರು ಹೊಸ ಪೆಟ್ಟಿಗೆ ಕೊಳ್ಳಬೇಕಿಲ್ಲ. ಅಳತೆ ಕೇಳುವ ಒಂದು ಆ್ಯಪ್, ಡೌನ್‌ಲೋಡ್ ಮಾಡಿದ ನಕ್ಷೆ, ಹಿಂದಿನ ರಾತ್ರಿ ಅರ್ಧ ಗಂಟೆ ದಾರಿ ನೋಡುವುದು ಸಾಕು. ಗಾಡಿಯ ಜೊತೆ ಬಾಡಿಗೆ ಕಂಪನಿಯೇ ಟ್ಯಾಬ್ಲೆಟ್ ಕೊಟ್ಟರೆ ಅದಕ್ಕೂ ಮೇಲಿನ ಪರೀಕ್ಷೆ ಮಾಡಿ. ಸ್ವಂತ ಮೋಟರ್‌ಹೋಮ್ ಕೊಂಡವರು, ವರ್ಷಕ್ಕೆ ನಾಲ್ಕಾರು ಸಲ ಹೋಗುವವರು ಕ್ಯಾಂಪರ್ ಜಿಪಿಎಸ್‌ಗೆ ದುಡ್ಡು ಹಾಕಬಹುದು. ಅಳತೆಯನ್ನು ಬ್ರೋಷರಿನಿಂದ ಬರೆದುಕೊಳ್ಳದೆ ಟೇಪು ಹಿಡಿದು ಅಳೆಯಿರಿ. ಮೇಲಿನ ಏಸಿ, ಹಿಂದಿನ ಸೈಕಲ್ ರ‍್ಯಾಕ್ ಎಲ್ಲ ಸೇರಿಸಿ. ಇಂಟರ್‌ಐಲ್ಯಾಂಡರ್, ಬ್ಲೂಬ್ರಿಜ್ ಫೆರಿ ಬುಕ್ ಮಾಡುವಾಗಲೂ ಇದೇ ಉದ್ದವನ್ನು ಕೊಡಬೇಕು, ದರ ಅದರ ಮೇಲೆ.

ನನ್ನ ಹತ್ತಿರ ಕ್ಯಾಂಪರ್ ಜಿಪಿಎಸ್ ಒಂದಿದೆ. ಜನವರಿ ಮೊದಲ ವಾರ ಬಿಟ್ಟು ಬೇರೆ ದಿನಗಳಿಗೆ ಬೇಕಾದವರು ಕೂಟದ ಮುಂದಿನ ಕಾರ್ಯಕ್ರಮದಲ್ಲಿ ಕೇಳಿ, ಸಂತೋಷದಿಂದ ಕೊಡುತ್ತೇನೆ. ವಾಪಸ್ ಕೊಡುವಾಗ ನಿಮ್ಮ ಗಾಡಿಯ ಅಳತೆಯನ್ನು ಮಾತ್ರ ಅಳಿಸಿ ಕೊಡಿ. ಹೋದ ಸಲ ತೆಗೆದುಕೊಂಡು ಹೋದ ಸ್ನೇಹಿತರು ಹಾಗೆಯೇ ಕೊಟ್ಟಿದ್ದರು. ನನ್ನ ಪುಟ್ಟ ಕಾರನ್ನು 4500 ಕೆ.ಜಿ. ಎಂದು ತಿಳಿದುಕೊಂಡು ಒಂದು ವಾರ ಆಫೀಸಿಗೆ ಲಾರಿಗಳ ಹಿಂದೆ ಸುತ್ತಿಸಿತು.